ಅಪ್ಪನ ಜಾಗದ ಸುತ್ತ ಐದು ಸ್ಪೀಕರುಗಳು

ನಮ್ಮ ಊರಿನಲ್ಲಿ ಬಾಡಿಗೆಗೆ ಮನೆ ನೋಡಲು ಬಂದವರು ಮೊದಲು ವಿಚಾರಿಸುವುದು ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬರುತ್ತದೆ ಎಂದಲ್ಲ, ಮನೆಯಲ್ಲಿ ಎಷ್ಟು ಕಿವುಡು ಇವೆ ಎಂದು. ಒಂದೆರಡಿದ್ದರೆ ಒಳ್ಳೆಯದೇ. ಪರೀಕ್ಷೆಗೆ ಓದುವ ಮಕ್ಕಳನ್ನು ಅಲ್ಲಿ ಕೂರಿಸುತ್ತಾರೆ. ಅತ್ತೆ ಬೈಯಲು ಶುರುಮಾಡಿದರೆ ಸೊಸೆ ಮೊರದಲ್ಲಿ ಅಕ್ಕಿ ಹಿಡಿದುಕೊಂಡು ಸತ್ತ ಮಾವನ ಕಿವುಡಿನಲ್ಲಿ ಹೋಗಿ ಕೂತುಬಿಡುತ್ತಾಳೆ. ಮನೆಯವರೊಬ್ಬರು ತೀರಿಕೊಂಡರೆ, ಅವರು ಬದುಕಿದ್ದಾಗ ಹೆಚ್ಚು ಹೊತ್ತು ಕೂರುತ್ತಿದ್ದ ಜಾಗ ಕಿವುಡಾಗುತ್ತದೆ. ಒಂದು ಮಣೆಯಷ್ಟು ಅಗಲ, ಅಷ್ಟೇ. ನಿಂತವರಿಗೆ ಎಲ್ಲವೂ ಕೇಳುತ್ತದೆ. ಕೂತರೆ ಮಾತ್ರ ಮೊಣಕೈ ಪಕ್ಕದಲ್ಲೇ ಕೊಡ ಬಿದ್ದರೂ ಗೊತ್ತಾಗುವುದಿಲ್ಲ. ಸರ್ಕಲ್ಲಿನ ಹೋಟೆಲಿನಲ್ಲಿ ಹಳೇ ಯಜಮಾನರ ಕುರ್ಚಿ ಕಿವುಡಾದ ಮೇಲೆ ಅವರ ಮಗನಿಗೆ ಗಿರಾಕಿಗಳು ದೋಸೆ ಎರಡು, ಕಾಫಿ ಒಂದು ಎಂದು ಬೆರಳಲ್ಲೇ ತೋರಿಸಬೇಕು. ಹೈಸ್ಕೂಲಿನ ಹೆಡ್‌ಮಾಸ್ಟರ ಕುರ್ಚಿಯೂ ಹಾಗೇ. ದೂರು ತಂದವರು ಬಾಗಿಲಲ್ಲಿ ಕಂಡ ಕೂಡಲೇ ಈಗಿನ ಹೆಡ್‌ಮಾಸ್ಟರು ಅದರಲ್ಲಿ ಕೂತು ತಲೆಯಾಡಿಸುತ್ತಾರೆ.

ಎಲ್ಲಿ ಸತ್ತರು ಎನ್ನುವುದು ಲೆಕ್ಕಕ್ಕಿಲ್ಲ. ಯಾವ ದೂರದೂರಿನಲ್ಲಿ ಉಸಿರು ನಿಂತರೂ ಇಲ್ಲಿನ ಜಾಗ ಆ ಕ್ಷಣವೇ ಕಿವುಡಾಗುತ್ತದೆ. ಹಾಗಾಗಿ ಯಾರಾದರೂ ಪರಊರಿನಲ್ಲಿರುವ ಮನೆಗಳಲ್ಲಿ, ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿದ ಮೇಲೆ ಒಬ್ಬರು ಹೋಗಿ ಅವರ ಜಾಗದಲ್ಲಿ ಕೂರುತ್ತಾರೆ, ಇನ್ನೊಬ್ಬರು ಚಮಚದಿಂದ ಲೋಟ ತಟ್ಟುತ್ತಾರೆ. ಕೇಳಿಸಿತು ಎಂದರೆ ಆ ದಿನದ ಒಲೆ ಹಚ್ಚಬಹುದು. ನಮ್ಮ ಮನೆಯಲ್ಲಿ ಏಳು ವರ್ಷದಿಂದ ಯಾರೂ ಲೋಟ ತಟ್ಟಿರಲಿಲ್ಲ.

ಅಪ್ಪ ತಕ್ಕಡಿ ಮಾರುವ ಕಂಪನಿಯೊಂದರಲ್ಲಿದ್ದ. ತಿಂಗಳಿಗೆ ಇಪ್ಪತ್ತು ದಿನ ತಿರುಗಾಟ. ಏಳು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ ಬೆಳಗಿನ ಬಸ್ಸಿಗೆ ಹೋದವನು ಮತ್ತೆ ಬರಲಿಲ್ಲ. ಕಾಗದವಿಲ್ಲ, ಫೋನಿಲ್ಲ. ಕಂಪನಿಯವರನ್ನು ಕೇಳಿದರೆ, ಅವರು ಹೋದ ತಿಂಗಳೇ ಕೆಲಸ ಬಿಟ್ಟರಲ್ಲ ಎಂದರು. ಆ ಬೆಳಿಗ್ಗೆ ಅವನು ಚೀಲಕ್ಕೆ ಎರಡು ಉಣ್ಣೆಯ ಸ್ವೆಟರು ತುರುಕಿಕೊಂಡದ್ದನ್ನು ನಾನು ನೋಡಿದ್ದೆ. ಅಂಥ ಬಿಸಿಲಿನಲ್ಲಿ ಸ್ವೆಟರು ಯಾಕೆ ಎಂದು ಕೇಳಬೇಕೆನ್ನಿಸಿತ್ತು. ನಾನು ಕೇಳುವವಳಲ್ಲ. ಡೈರಿಯಲ್ಲಿ ಬರೆದಿಟ್ಟೆ, ಅಮ್ಮನಿಗೂ ತಂಗಿ ವಾರಿಜಾಗೂ ಹೇಳಲಿಲ್ಲ.

ಅಪ್ಪನ ಜಾಗ ಮನೆಯ ಹಾಲ್‌ನ ನಡುಮಧ್ಯ, ಪೂರ್ವದ ಗೋಡೆಗೆ ಎದುರಾಗಿ. ಅಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ರೇಡಿಯೋ ಕೇಳುತ್ತಿದ್ದ. ಅವನು ಹೋಗಿ ತಿಂಗಳಾಗುವ ಹೊತ್ತಿಗೆ ಅಮ್ಮ ಕುರ್ಚಿಯನ್ನು ಅಟ್ಟಕ್ಕೆ ಹಾಕಿ, ಆ ಜಾಗಕ್ಕೆ ಕಬ್ಬಿಣದ ಟ್ರಂಕು ಎಳೆದು ತಂದು, ಅದರ ಮೇಲೆ ಮನೆಯ ಹಾಸಿಗೆ, ಕೌದಿ, ದಿಂಬುಗಳನ್ನೆಲ್ಲ ತಲೆಯೆತ್ತರಕ್ಕೆ ಒಟ್ಟಿದಳು. ಹಾಸಿಗೆ ಇಡೋಕೆ ಬೇರೆ ಎಲ್ಲಿದೆ ಜಾಗ ಎಂದಳು. ಯಾರೂ ಕೂರುವ ಹಾಗಿರಲಿಲ್ಲ. ಕೂರದೆ ತಿಳಿಯುವ ಹಾಗೂ ಇರಲಿಲ್ಲ.

ತಾನು ಕಾಯುತ್ತಿದ್ದೇನೆಂದು ಅಮ್ಮ ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ನಾಲ್ಕು ಜನಕ್ಕೆ ಅಕ್ಕಿ ಹಾಕುತ್ತಿದ್ದಳು. ಮುಂಬಾಗಿಲಿಗೆ ಚಿಲಕ ಹಾಕಲು ಬಿಡುತ್ತಿರಲಿಲ್ಲ. ಬಾಗಿಲು ಮುಂದೆ ಮಾಡಿ ಒಂದು ಇಟ್ಟಿಗೆ ಒತ್ತಿಡುವುದಷ್ಟೇ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯಲ್ಲಿದ್ದ ಸ್ವಂತ ಅಕ್ಕನ ಮನೆಗೆ ಒಮ್ಮೆಯೂ ಹೋಗಲಿಲ್ಲ. ದೊಡ್ಡಮ್ಮನ ಮಗಳ ಮದುವೆಗೂ ನಮ್ಮಿಬ್ಬರನ್ನು ಕಳಿಸಿ ತಾನು ಉಳಿದಳು. "ಮನೆಗೆ ಬೀಗ ಹಾಕ್ಕೊಂಡು ಹೋಗೋಕಾಗುತ್ತಾ?" ಎನ್ನುತ್ತಿದ್ದಳು. ಬೀಗವೂ ಇತ್ತು, ಕೀಲಿಯೂ ಇತ್ತು.

ಹೋಂ ಥಿಯೇಟರ್ ತರುವ ಯೋಚನೆ ನನ್ನದು. ಡಿಗ್ರಿ ಮುಗಿಸಿ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿತ್ತು. ದಿನವಿಡೀ ಪಿಸುಮಾತಿನವರ ನಡುವೆ ಇದ್ದು ಮನೆಗೆ ಬಂದರೆ ಮನೆ ಅದಕ್ಕಿಂತ ಸಪ್ಪಗಿರುತ್ತಿತ್ತು. ಅಮ್ಮ ಬೀದಿಯ ಹೆಜ್ಜೆ ಸದ್ದಿಗೆ ಕಿವಿಕೊಟ್ಟೇ ಪಲ್ಯಕ್ಕೆ ಹೆಚ್ಚುತ್ತಿದ್ದಳು. ವಾರಿಜಾ ಕೂಡ ಹೊರಗೆ ಪಟಪಟ ಮಾತಾಡುವವಳು ಒಳಗೆ ಬಂದರೆ ದನಿ ತಗ್ಗಿಸುತ್ತಿದ್ದಳು. ಈ ಮನೆಗೆ ಒಂದಿಷ್ಟು ಸದ್ದು ಬೇಕು ಎಂದು ಡೈರಿಯಲ್ಲಿ ಬರೆದೆ. ಸ್ಪೀಕರು ತಂದರೆ ಕಿವುಡು ಅಳೆಯಲು ಜನ ಬರುತ್ತಾರೆಂಬುದು ಆಗ ನನಗೆ ಹೊಳೆಯಲೇ ಇಲ್ಲ ಎಂದೂ ಆಮೇಲೆ ಬರೆದಿದ್ದೇನೆ. ಅದು ನಿಜವಲ್ಲ.

ಅಂಗಡಿಗೆ ವಾರಿಜಾಳನ್ನು ಕರೆದುಕೊಂಡು ಹೋದೆ. ಅವಳು ಒಳಗೆ ಕಾಲಿಟ್ಟವಳೇ ಆಳೆತ್ತರದ ಎರಡು ಸ್ಪೀಕರುಗಳ ನಡುವೆ ಹೋಗಿ ನಿಂತಳು.

"ಇವೇ ಇರ್ಲಿ ಕಣೇ ಅಕ್ಕ. ಎದುರುಮನೆ ಪದ್ಮಾವತಕ್ಕನ ಗೋಡೆ ಬಿರುಕು ಬಿಡ್ಬೇಕು."

ಅಂಗಡಿಯವನು ನಗಲಿಲ್ಲ. "ಹಾಲ್ ಎಷ್ಟು ದೊಡ್ಡದಮ್ಮ ನಿಮ್ದು?"

"ಹನ್ನೆರಡಕ್ಕೆ ಹದಿನಾರಡಿ," ಎಂದೆ.

"ಅಷ್ಟಕ್ಕೆ ಇವು ಬೇಡ. ಗೋಡೆ ನಡುಗುತ್ತೆ, ಮಾತು ಕೇಳಲ್ಲ. ನಿಮಗೆ ಗೋಡೆ ನಡುಗ್ಬೇಕೋ, ಮಾತು ಕೇಳ್ಬೇಕೋ?"

"ಎರಡೂ," ಎಂದಳು ವಾರಿಜಾ.

ಅವನು ನನ್ನ ಕಡೆ ತಿರುಗಿ ಬಿಡಿಸಿ ಹೇಳಿದ. ಟಿವಿಯ ಕೆಳಗೆ ನಡುವಿನದು ಒಂದು; ಮಾತೆಲ್ಲ ಬರುವುದು ಅದರಿಂದಲೇ, ಅದರಲ್ಲಿ ಮಾತ್ರ ರಾಜಿ ಬೇಡ. ಅದರ ಎಡಬಲಕ್ಕೆ ಎರಡು, ಹಿಂದೆ ಎರಡು. ಬೇಸ್ ಸದ್ದಿಗೆ ಸಬ್‌ವೂಫರ್ ಬೇರೆ. ಅದನ್ನು ಮೂಲೆಗೆ ತಳ್ಳಬಾರದು, ತಳ್ಳಿದರೆ ಬರೀ ಗುಂಯ್ಗುಡುತ್ತದೆ. ಮೂರು ಜೊತೆಗಳನ್ನು ಒಂದಾದ ಮೇಲೊಂದು ಹಾಕಿ ಕೇಳಿಸಿದ. ಒಬ್ಬ ಹೆಂಗಸು ಯಾರಿಗೋ ಏನನ್ನೋ ಹೇಳಲು ಹೋಗಿ ತಡವರಿಸುವ ದೃಶ್ಯ. ಮೊದಲ ಎರಡರಲ್ಲಿ ಅವಳ ಮಾತು ಕೇಳಿತು. ಮೂರನೆಯದರಲ್ಲಿ, ಎಲ್ಲಕ್ಕಿಂತ ಸಣ್ಣ ಕಪ್ಪು ಪೆಟ್ಟಿಗೆಗಳಲ್ಲಿ, ಮಾತಿಗೆ ಮುಂಚೆ ಅವಳು ಎಳೆದುಕೊಂಡ ಉಸಿರೂ ಕೇಳಿತು. ಅದೇ ಇರಲಿ ಎಂದೆ. ವಾರಿಜಾ ಮುಖ ಊದಿಸಿಕೊಂಡಳು.

"ಕಿವುಡು ಅಳೆಯೋ ಗುರುಸಿದ್ದಪ್ಪನವರ ಚೀಟಿ ತನ್ನಿ, ಅವತ್ತೇ ಪೆಟ್ಟಿಗೆ ಕಳಿಸ್ತೀನಿ," ಎಂದ ಅಂಗಡಿಯವನು. "ಚೀಟಿ ಇಲ್ದೆ ಕೊಡಲ್ಲ. ಕಿವುಡಿಗೆ ಎದುರಾಗಿ ಸ್ಪೀಕರ್ ಇಟ್ಟು, ಸೌಂಡೇ ಬರಲ್ಲ ಅಂತ ನನ್ನ ಹತ್ರ ಜಗಳಕ್ಕೆ ಬರ್ತಾರೆ ಜನ."

ವಾರಿಜಾ ನನ್ನ ತೋಳು ಹಿಡಿದಳು. ಮನೆ ಮುಟ್ಟುವ ತನಕ ಬಿಡಲಿಲ್ಲ.

ಅಮ್ಮ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಅಳೆಯುವವರು ಬರಬೇಕಂತೆ ಎಂದು ನಾನು ಹೇಳಿದಾಗ ಅವಳ ಕೈ ನಿಲ್ಲಲಿಲ್ಲ. ಒಂದು ಗಡ್ಡೆ ಪೂರ್ತಿ ಬಿಡಿಸಿ, ಸಿಪ್ಪೆ ಊದಿ, ಎಸಳುಗಳನ್ನು ತಟ್ಟೆಯ ಒಂದು ಬದಿಗೆ ಸರಿಸಿದಳು.

"ಬೇಡಾಂದ್ರೆ ಬಿಡೋಣಮ್ಮ," ಎಂದಳು ವಾರಿಜಾ.

"ಅಳೀಲಿ," ಎಂದಳು ಅಮ್ಮ. ಇನ್ನೊಂದು ಗಡ್ಡೆ ಎತ್ತಿಕೊಂಡು, "ಹಾಸಿಗೆನೂ ಬಿಸಿಲಿಗೆ ಹಾಕಿ ಬಹಳ ದಿನ ಆಯ್ತು," ಎಂದಳು.

ಗುರುಸಿದ್ದಪ್ಪ ಭಾನುವಾರ ಹತ್ತು ಗಂಟೆಗೆ ಬಂದರು. ಸಣಕಲು ದೇಹ, ಮೂಗಿನ ತುದಿಗೆ ಜಾರಿದ ಕನ್ನಡಕ, ಹೆಗಲ ಚೀಲದಲ್ಲಿ ಒಂದು ಹಿತ್ತಾಳೆ ಗಂಟೆ, ಸೀಮೆಸುಣ್ಣ, ದಾರದ ಉಂಡೆ. ಮಜ್ಜಿಗೆ ಕುಡಿಯುತ್ತಾ, "ನಮ್ಮನೇಲಿ ಆರು ಕಿವುಡಿವೆ. ಏಳನೇದು ನೀನೇ ಅಂತಾಳೆ ನನ್ನ ಹೆಂಡ್ತಿ," ಎಂದರು. ನಾವು ಯಾರೂ ನಗದಿದ್ದಾಗ ಹಾಸಿಗೆಗಳ ರಾಶಿಯನ್ನು ನೋಡಿ, ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡರು. ಊರಿಗೆಲ್ಲ ಗೊತ್ತಿದ್ದ ವಿಷಯ ಅವರಿಗೂ ಗೊತ್ತಿತ್ತು.

ಅಳೆಯುವ ಕ್ರಮ ಇಷ್ಟೇ. ಮನೆಯವರೊಬ್ಬರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಜಾಗದಲ್ಲಿ ಕೂರಬೇಕು, ಹೊರಗಿನವರು ಕೂರುವಂತಿಲ್ಲ. ಅವರು ಮೂರು ಸಲ ಗಂಟೆ ಬಾರಿಸುತ್ತಾರೆ. ಕೇಳಿಸಿದರೆ ಕೈ ಎತ್ತಬೇಕು.

"ನಾನು ಕೂರಲ್ಲಪ್ಪ," ಎಂದು ವಾರಿಜಾ ಬಾಗಿಲ ಹತ್ತಿರ ಹೋದಳು. ಚಿಕ್ಕಂದಿನಿಂದಲೂ ಅವಳಿಗೆ ಕಿವುಡೆಂದರೆ ಹೆದರಿಕೆ, ಅಜ್ಜಿಯ ಜಾಗವನ್ನೂ ಸುತ್ತಿಬಳಸಿ ನಡೆಯುತ್ತಾಳೆ.

"ನಿನ್ನನ್ನ ಯಾರು ಕೂರು ಅಂದ್ರು? ಸುಮತಿ ಕೂರ್ಲಿ," ಎಂದಳು ಅಮ್ಮ. "ಇವಳು ಇದ್ದದ್ದನ್ನ ಇದ್ದ ಹಾಗೆ ಹೇಳೋಳು."

ಮೊದಲು ಅಡುಗೆಮನೆ ಬಾಗಿಲ ಪಕ್ಕದ ಅಜ್ಜಿಯ ಜಾಗ. ಕೂತ ಕೂಡಲೇ, ತುಂಬಿದ ಗೋಣಿಚೀಲಗಳ ನಡುವೆ ಇಳಿದಂತಾಯಿತು. ಅಮ್ಮನ ಬಳೆಯಿಲ್ಲ, ಬೀದಿಯ ಸೈಕಲ್ಲಿಲ್ಲ. ಎಷ್ಟು ಹೊತ್ತು ಕೂತಿದ್ದೆನೋ, ಗುರುಸಿದ್ದಪ್ಪ ಭುಜ ಮುಟ್ಟಿದಾಗ ಎದ್ದೆ. "ಅಜ್ಜಿ ಗಟ್ಟಿಯಾಗಿದ್ದಾರೆ," ಎಂದು ಅವರು ಸುಣ್ಣದಲ್ಲಿ ಗೆರೆ ಎಳೆದರು.

ಆಮೇಲೆ ಅಮ್ಮ ಹಾಸಿಗೆ ಇಳಿಸತೊಡಗಿದಳು. ನಾವು ಕೈಹಾಕಲು ಹೋದರೆ ಬೇಡವೆಂದಳು. ಒಂದೊಂದು ಕೌದಿಯನ್ನೂ ಕೊಡವಿ, ಅಂಚಿಗೆ ಅಂಚು ಸೇರಿಸಿ ಮಡಚಿ, ಗೋಡೆಯ ಬುಡಕ್ಕೆ ಇಟ್ಟಳು. ಗುರುಸಿದ್ದಪ್ಪ ಕೈಕಟ್ಟಿ ನಿಂತಿದ್ದರು, ಅವಸರ ಮಾಡಲಿಲ್ಲ. ಟ್ರಂಕು ಎಳೆದಾಗ ನೆಲದ ಮೇಲೆ ಚೌಕಾಕಾರದ ಬಿಳುಪು ಉಳಿಯಿತು. ಅಮ್ಮ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮಣೆ ಹಾಕಿ, ನನ್ನ ಕಣ್ಣಿಗೆ ತಾನೇ ಟವೆಲು ಕಟ್ಟಿದಳು. ಗಂಟು ಬಿಗಿಯಾಗಿತ್ತು. ಅವಳ ಬೆರಳಲ್ಲಿ ಬೆಳಗಿನ ಅಡುಗೆಯ ಬೆಳ್ಳುಳ್ಳಿ ವಾಸನೆಯಿತ್ತು.

ಕೂತೆ. ಗಂಟೆ ಬಾರಿಸುವ ಮೊದಲೇ ನನಗೆ ತಿಳಿಯಿತು. ವಾರಿಜಾ ಮೂಗೆಳೆದದ್ದು ಕೇಳಿತು. ಅಮ್ಮ ಎರಡು ಹೆಜ್ಜೆ ಹಿಂದೆ ಸರಿದು ನಿಂತದ್ದು ಕೇಳಿತು. ಗಂಟೆ ಹೊಡೆಯಿತು, ಹಾಲಿನ ಗೋಡೆಯಿಂದ ಗೋಡೆಗೆ, ಚೊಕ್ಕವಾಗಿ.

ಅಪ್ಪ ಇದ್ದ. ಎಲ್ಲೋ ಒಂದು ಚಳಿಯ ಊರಿನಲ್ಲಿ ಸ್ವೆಟರು ತೊಟ್ಟು, ಹತ್ತು ಗಂಟೆಯ ಬಿಸಿಲಿಗೆ ಮೈಯೊಡ್ಡಿ ಇದ್ದ. ಏಳು ವರ್ಷದಲ್ಲಿ ಒಂದು ದಿನವೂ ಅವನ ಕಾಲು ಮುರಿದಿರಲಿಲ್ಲ, ಊರಿನ ಹೆಸರು ಮರೆತುಹೋಗಿರಲಿಲ್ಲ. ಬರಬಾರದೆಂದೇ ಬಂದಿರಲಿಲ್ಲ. ಕೈಯೆತ್ತಿದರೆ ಅಮ್ಮನ ಮುಖ ಅರಳುತ್ತದೆ, ಮಧ್ಯಾಹ್ನ ನಾಲ್ಕು ಜನಕ್ಕೆ ಅಕ್ಕಿ ಹಾಕುತ್ತಾಳೆ, ರಾತ್ರಿ ಬಾಗಿಲಿಗೆ ಇಟ್ಟಿಗೆ ಒತ್ತುತ್ತಾಳೆ, ಸಾಯುವ ತನಕ ಒತ್ತುತ್ತಾಳೆ. ಎರಡನೆಯ ಗಂಟೆಯೂ ಹೊಡೆಯಿತು. ನನ್ನ ಎರಡೂ ಕೈ ತೊಡೆಯ ಮೇಲಿದ್ದವು. ಮೂರನೆಯದು ಹೊಡೆದಾಗ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡೆ.

"ಆಯ್ತು, ಏಳಮ್ಮ," ಎಂದರು ಗುರುಸಿದ್ದಪ್ಪ. ಎದ್ದು ಟವೆಲು ಬಿಚ್ಚಿದೆ.

ಅಮ್ಮ ನನ್ನನ್ನೇ ನೋಡುತ್ತಿದ್ದಳು. ವಾರಿಜಾ ಅಳುತ್ತಾ ಅವಳ ಭುಜಕ್ಕೆ ಆತುಕೊಂಡಳು. ಗುರುಸಿದ್ದಪ್ಪ ಸುಣ್ಣ ಹಿಡಿದು ಕುಕ್ಕರುಗಾಲಲ್ಲಿ ಕೂತರು, ಗೆರೆಯೆಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಎಳೆದರು.

ಕೆಲಸ ಅಲ್ಲಿಗೆ ನಿಲ್ಲಿಸಲಿಲ್ಲ, ಅದೊಂದು ಒಳ್ಳೆಯದಾಯಿತು. "ಸಿನಿಮಾ ನೋಡೋಕೆ ಈ ಹಾಲಲ್ಲಿ ಸರಿಯಾದ ಜಾಗ ಅಂದ್ರೆ ಇದೇ ಆಗಿತ್ತು. ಈಗ ಸೋಫಾ ಎರಡಡಿ ಎಡಕ್ಕೆ ಹೋಗ್ಬೇಕು," ಎಂದು ದಾರ ಬಿಚ್ಚಿದರು. ದಾರದ ಒಂದು ತುದಿಯನ್ನು ಸೋಫಾದಲ್ಲಿ ಕೂತ ನನ್ನ ಮೂಗಿನ ನೇರಕ್ಕೆ ಹಿಡಿಸಿ, ಇನ್ನೊಂದು ತುದಿಯಿಂದ ಮುಂದಿನ ಎರಡು ಸ್ಪೀಕರುಗಳಿಗೆ ಸಮ ದೂರ ಗುರುತಿಸಿದರು. ಅವುಗಳ ಮುಖ ಕೊಂಚ ಒಳಕ್ಕೆ ತಿರುಗಿರಬೇಕು, ಕೂತವರನ್ನು ಮಾತಾಡಿಸುವ ಹಾಗೆ. ಹಿಂದಿನವು ಕೂತವರ ಕಿವಿಗಿಂತ ಒಂದು ಗೇಣು ಮೇಲೆ. ಒಂದು ಕಿಟಕಿಯ ಪಕ್ಕ, ಇನ್ನೊಂದು ಮುಂಬಾಗಿಲ ಚೌಕಟ್ಟಿನ ಪಕ್ಕ. ತಂತಿ ಜಮಖಾನದ ಅಡಿಯಿಂದ ಹೋಗಲಿ, ಆದರೆ ಗೆರೆಯ ಮೇಲೆ ಹಾಯದಿರಲಿ. ಎಲ್ಲವನ್ನೂ ಚೀಟಿಯಲ್ಲಿ ಬರೆದರು.

ಅಮ್ಮ ಕೇಳಿದ್ದು ಒಂದೇ. "ಅಲ್ಲಿ ಕೂತೋರಿಗೆ ಸಿನಿಮಾ ಕೇಳಲ್ವಾ?"

"ಕೇಳಲ್ಲ ತಾಯಿ. ನೋಡ್ಬಹುದು. ಹನ್ನೊಂದು ದಿನ ಕಳೀಲಿ, ಆಮೇಲೆ ಕೂತ್ಕೊಳ್ಳಿ."

ಗೇಟಿನ ತನಕ ಬಿಡಲು ಹೋದಾಗ ಅವರು ಚೀಟಿಯನ್ನು ನನ್ನ ಕೈಗೆ ಕೊಟ್ಟು, ಕನ್ನಡಕ ಮೇಲಕ್ಕೆ ತಳ್ಳಿದರು.

"ನಲವತ್ತು ವರ್ಷದಿಂದ ಈ ಕೆಲ್ಸ ಮಾಡ್ತಿದ್ದೀನಿ. ಕಿವುಡಲ್ಲಿ ಕೂತೋರನ್ನ ಭುಜ ಮುಟ್ಟಿಯೇ ಎಬ್ಬಿಸ್ಬೇಕು ಮಗಳೇ. ನಿಮ್ಮಜ್ಜಿ ಜಾಗದಿಂದ ಹಾಗೇ ಎಬ್ಬಿಸ್ದೆ. ಈ ಸಲ ನಾನು ದೂರದಿಂದ ಏಳು ಅಂದೆ, ನೀನು ಎದ್ದೆ."

ಅವರು ಬೈಯುತ್ತಾರೆಂದುಕೊಂಡೆ.

"ನಾನು ಅಳೆಯೋನು. ಮನೆಯೋರು ಕೈಯೆತ್ತಿದ್ರೆ ಬಿಡ್ತೀನಿ, ಎತ್ತದಿದ್ರೆ ಗೆರೆ ಎಳೀತೀನಿ," ಎಂದರು. "ಗೆರೆ ಸುಣ್ಣದ್ದು. ಆದ್ರೆ ನಿಮ್ಮಮ್ಮ ಕಾಲುಂಗುರ ತೆಗೆದ ಮೇಲೆ ಒರೆಸೋಕೆ ಹೋಗ್ಬೇಡ. ಒರೆಸೋದಾದ್ರೆ ಇವತ್ತೇ ಒರೆಸು."

ಒಳಗೆ ಬಂದೆ. ಅಮ್ಮ ಬಚ್ಚಲುಮನೆಯಲ್ಲಿದ್ದಳು. ಬಾಗಿಲ ಹೊರಗೆ ನಿಂತು ಅಮ್ಮ ಎಂದು ಕರೆಯಲು ಬಾಯಿ ತೆರೆದೆ. ತಣ್ಣೀರು ತಲೆಯ ಮೇಲೆ ಸುರಿದುಕೊಳ್ಳುವ ಸದ್ದು, ಚೊಂಬು ನೆಲಕ್ಕಿಡುವ ಸದ್ದು, ಮತ್ತೆ ನೀರು. ಅವಳು ಹೊರಗೆ ಬಂದಾಗ ಕಾಲ್ಬೆರಳುಗಳಲ್ಲಿ ಬಿಳಿಯ ವರ್ತುಲ ಮಾತ್ರ ಇತ್ತು.

ಹನ್ನೊಂದು ದಿನ ಏನೇನು ನಡೆಯಬೇಕೋ ಅದೆಲ್ಲ ನಡೆಯಿತು. ಬೀದಿಯವರು ಬಂದರು, ದೊಡ್ಡಮ್ಮ ಬಂದು ಅಮ್ಮನನ್ನು ಅಪ್ಪಿ ಅತ್ತಳು. "ಹೋಗ್ಲಿ ಬಿಡೇ, ಒಂದು ತೀರ್ಮಾನ ಆಯ್ತಲ್ಲ," ಎಂದಳು. ಅಮ್ಮ ಹೆಚ್ಚು ಅಳಲಿಲ್ಲ. ಬದುಕಿರುವ ಅಪ್ಪನಿಗೆ ಎಡೆಯಿಟ್ಟಾಗ ಕಾಗೆ ಬಂದು ತಿಂದಿತು. ನಾನು ಅದನ್ನು ನೋಡುತ್ತಾ ನಿಂತಿದ್ದೆ. ಹನ್ನೆರಡನೆಯ ದಿನ ಅಮ್ಮ ಸೀರೆಯೊಂದನ್ನು ಚೀಲಕ್ಕೆ ಹಾಕಿಕೊಂಡು ದೊಡ್ಡಮ್ಮನ ಜೊತೆ ಬಸ್ಸು ಹತ್ತಿದಳು. ಮೂರು ದಿನ ಇದ್ದು ಬಂದಳು. ಬರುವಾಗ ಅಲ್ಲಿಂದ ದಾಸವಾಳದ ಕಡ್ಡಿ ತಂದಿದ್ದಳು, ಯಾರೋ ಹೇಳಿದ ಜೋಕು ತಂದಿದ್ದಳು. ಅಕ್ಕಿ ಮೂರು ಜನಕ್ಕೆ ಹಾಕಿದಳು. ಆ ಸಂಜೆ ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಾನು ಮಾಡಿದ್ದು ಸರಿಯಾಯಿತೆಂದು ಅತ್ತದ್ದೋ, ಬೇರೆಯದಕ್ಕೋ, ಬರೆಯಲು ಹೋದರೆ ಪೆನ್ನು ಮುಂದೆ ಹೋಗಲಿಲ್ಲ.

ಸ್ಪೀಕರುಗಳು ಮರುದಿನ ಬಂದವು. ಚೀಟಿಯಲ್ಲಿದ್ದ ಹಾಗೆಯೇ ಜೋಡಿಸಿದೆವು. ವಾರಿಜಾ ಬಾಗಿಲ ಪಕ್ಕದ್ದನ್ನು ಮೊಳೆಗೆ ತೂಗುಹಾಕಿದಳು. "ಸಣ್ಣದಾದ್ರೂ ಮುದ್ದಾಗಿದೆ ಬಿಡು," ಎಂದಳು. ಸಂಜೆ ಆರಕ್ಕೆ ಹೊಸ ಸಿನಿಮಾವೊಂದನ್ನು ಹಾಕಿದೆವು. ನಾನೂ ವಾರಿಜಾಳೂ ಸೋಫಾದಲ್ಲಿ. ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದವಳು ಸೋಫಾದ ಕಡೆ ಬರಲಿಲ್ಲ. ಗೋಡೆಗೆ ಒರಗಿಸಿದ್ದ ಮಣೆ ತೆಗೆದುಕೊಂಡು ಗೆರೆಯ ಒಳಗೆ ಹಾಕಿದಳು.

"ಇಲ್ಲಿ ಬಾಮ್ಮ, ಅಲ್ಲಿ ಏನೂ ಕೇಳಲ್ಲ," ಎಂದಳು ವಾರಿಜಾ.

"ನಂಗೇನು ಕೇಳೋದಿದೆ? ಇಷ್ಟು ದಿನ ಅವರ ಜಾಗಕ್ಕೆ ಹಾಸಿಗೆ ಹೇರಿದ್ದೆ. ಸ್ವಲ್ಪ ಹೊತ್ತು ಕೂತ್ಕೋತೀನಿ," ಎಂದು ಅಮ್ಮ ಕೂತಳು.

ನಾನು ಈ ದಿನವನ್ನು ಯೋಚಿಸಿಯೇ ಇರಲಿಲ್ಲ. ಕೈ ಎತ್ತದಿರುವುದಷ್ಟನ್ನೇ ಯೋಚಿಸಿದ್ದೆ. ಏಳಿಸಬೇಕು, ಏನಾದರೂ ನೆಪ ಹೇಳಿ ಅಡುಗೆಮನೆಗೆ ಕಳಿಸಬೇಕು ಎನ್ನಿಸಿತು. ಪರದೆಯ ಮೇಲೆ ಒಂದು ಮನೆ, ದೀಪ, ಊಟದ ತಟ್ಟೆಯ ಮುಂದೆ ಒಬ್ಬ ಮುದುಕಿ. ಮುದುಕಿ ಮಾತಾಡುತ್ತಿದ್ದಳು, ನಡುವಿನ ಸ್ಪೀಕರಿನಿಂದ ಅವಳ ಉಸಿರೂ ಬರುತ್ತಿತ್ತು. ಅಮ್ಮನ ಮುಖದಲ್ಲಿ ಏನೂ ಕಾಣಲಿಲ್ಲ. ಅಷ್ಟರಲ್ಲಿ ಸಿನಿಮಾದೊಳಗೆ ಯಾರೋ ಮನೆಗೆ ಬಂದರು. ಚಪ್ಪಲಿಯ ಹೆಜ್ಜೆಗಳು ನಮ್ಮ ಬೆನ್ನ ಹಿಂದೆ, ಬಾಗಿಲ ಪಕ್ಕದ ಸ್ಪೀಕರಿನಲ್ಲಿ, ಒಂದೊಂದೇ ಮೆಟ್ಟಿಲು ಹತ್ತಿ ಬಂದವು.

ಅಮ್ಮ ಸರಕ್ಕನೆ ತಿರುಗಿ ಬಾಗಿಲನ್ನು ನೋಡಿದಳು.

ಬಾಗಿಲಿಗೆ ಚಿಲಕ ಹಾಕಿತ್ತು. ಅವಳು ಅದನ್ನು ನೋಡಿದಳು. ಆಮೇಲೆ ಮೇಲಿದ್ದ ಕಪ್ಪು ಪೆಟ್ಟಿಗೆಯನ್ನು ನೋಡಿದಳು. ಆಮೇಲೆ ನನ್ನನ್ನು. ಎಷ್ಟು ಹೊತ್ತು ನೋಡಿದಳೋ ತಿಳಿಯದು, ಹಿಂದಿನ ಹೆಜ್ಜೆಗಳು ಮುಂದಿನ ಸ್ಪೀಕರಿಗೆ ದಾಟಿ ನಿಂತುಹೋದವು. ಅವಳಿಗೆ ತಿಳಿದದ್ದು ಈಗಲೋ, ಅಥವಾ ಗುರುಸಿದ್ದಪ್ಪ ಏಳು ಎಂದಾಗ ನಾನು ಎದ್ದು ನಿಂತ ದಿನವೇ ತಿಳಿದಿತ್ತೋ, ಆ ನೋಟದಿಂದ ನನಗೆ ಗೊತ್ತಾಗಲಿಲ್ಲ. ಅವಳು ಮುಖ ತಿರುಗಿಸಿ ಪರದೆಗೆ ಕಣ್ಣು ನೆಟ್ಟಳು.

ವಾರಿಜಾ ಇದೊಂದನ್ನೂ ಕಂಡಿರಲಿಲ್ಲ. "ಅಮ್ಮಾ, ಬೇಜಾರಾಗ್ತಿದ್ಯಾ?" ಎಂದು ಕೇಳಿದಳು. ಅಮ್ಮ ಅಲುಗಲಿಲ್ಲ. ವಾರಿಜಾ ಮತ್ತೆ ಗಟ್ಟಿಯಾಗಿ ಕರೆದಳು. ಅಮ್ಮ ಪರದೆಯನ್ನೇ ನೋಡುತ್ತಿದ್ದಳು. ಕೊನೆಗೆ ವಾರಿಜಾ ಗೆರೆಯ ಆಚೆ ನಿಂತು, ಹೆದರುತ್ತಲೇ ಕೈಚಾಚಿ ಭುಜ ಮುಟ್ಟಿದಾಗ ಅಮ್ಮ ಬೆಚ್ಚಿದಂತೆ ಮಾಡಿ ತಲೆಯೆತ್ತಿದಳು.

ಎದ್ದು ನಿಂತು, "ಏನೇ?" ಎಂದಳು.

"ಬೇಜಾರಾ ಅಂತ ಕೇಳ್ದೆ."

"ಇಲ್ಲ. ಒಳ್ಳೇ ನಿಶ್ಶಬ್ದವಾಗಿದೆ. ನೀವು ನೋಡ್ಕೊಳ್ಳಿ," ಎಂದು ಮತ್ತೆ ಕೂತಳು.

ಅದಾಗಿ ನಾಲ್ಕು ತಿಂಗಳಾಯಿತು. ದಿನಾ ಸಂಜೆ ಅಮ್ಮ ಗೆರೆಯ ಒಳಗೇ ಕೂರುತ್ತಾಳೆ. ಸುಣ್ಣ ಮಾಸಿದರೆ ತಾನೇ ತಿದ್ದುತ್ತಾಳೆ. ನಾವು ನಗುವ ಕಡೆ ಅವಳು ನಗುವುದಿಲ್ಲ. ಎಷ್ಟೋ ಸಲ, ನಾವು ನಗುವುದನ್ನು ನೋಡಿ, ಏನಂದ ಅವನು ಎಂದು ಕೈಯಲ್ಲೇ ಕೇಳುತ್ತಾಳೆ. ವಾರಿಜಾ ಪ್ರೀತಿಯಿಂದ ಎದ್ದು ಹೋಗಿ ಸನ್ನೆ ಮಾಡಿ ತಿಳಿಸುತ್ತಾಳೆ. ನಾನೂ ಅಮ್ಮನೂ ಆ ವಿಷಯ ಎತ್ತಿಲ್ಲ. ಮೊದಮೊದಲು ಹಿಂದಿನ ಸ್ಪೀಕರುಗಳಲ್ಲಿ ಹೆಜ್ಜೆ ಸದ್ದಾದರೆ ಅವಳ ಕತ್ತಿನ ನರವೊಂದು ಬಿಗಿಯುತ್ತಿತ್ತು, ನಾನು ಅದನ್ನೇ ನೋಡುತ್ತಿದ್ದೆ. ನಿನ್ನೆಯ ಸಿನಿಮಾದಲ್ಲಿ ಒಬ್ಬ ಗಂಡಸು ಬಾಗಿಲು ತಟ್ಟಿ, ಚಪ್ಪಲಿ ಬಿಟ್ಟು, ಒಳಗೆ ಬಂದ. ಅಮ್ಮ ಮಡಿಲಲ್ಲಿದ್ದ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಅವಳ ಬೆರಳು ಕೂಡ ನಿಲ್ಲಲಿಲ್ಲ.